ಡಿಇ ಫಿಲ್ಟರ್ ಪೂಲ್ ಇರುವವರಿಗೆ

ಟೆಕ್ಸಾಸ್, ಅರಿಜೋನಾ ಕಡೆ ಹಿತ್ತಲಲ್ಲಿ ಪೂಲ್ ಇರುವ ಮನೆ ತಗೊಂಡವರು ಮೊದಲು ಫಿಲ್ಟರ್ ಯಾವುದು ಅಂತ ನೋಡಿಕೊಳ್ಳಿ. ಡಿಇ (ಡಯಾಟಮೇಶಿಯಸ್ ಅರ್ತ್ ಎಂಬ ಬಿಳಿ ಪುಡಿಯಿಂದ ನೀರು ಸೋಸುವ ಫಿಲ್ಟರ್) ಆಗಿದ್ದರೆ, ತೊಳೆದ ಮೇಲೆ ಗೇಜ್ ಎಷ್ಟು ಪಿಎಸ್‌ಐ (ಒತ್ತಡದ ಅಳತೆ) ತೋರಿಸುತ್ತದೆ ಅಂತ ಮಾರ್ಕರ್‌ನಲ್ಲಿ ಟ್ಯಾಂಕ್ ಮೇಲೇ ಬರೆದಿಡಿ. ಅದಕ್ಕಿಂತ 8-10 ಏರಿದಾಗ ಬ್ಯಾಕ್‌ವಾಶ್ ಮಾಡಿ (ಅಂದರೆ ನೀರನ್ನು ಉಲ್ಟಾ ಹರಿಸಿ ಫಿಲ್ಟರ್ ತೊಳೆಯಿರಿ), ಅದಕ್ಕೆ ಮುಂಚೆ ಸುಮ್ನೆ ಬೇಡ. ಪಂಪ್ ಆಫ್ ಮಾಡದೆ ವಾಲ್ವ್ ತಿರುಗಿಸಲೇಬೇಡಿ.

ಜಾಸ್ತಿ ಜನ ಮರೆಯುವುದು ಮುಂದಿನ ಕೆಲಸ. ಬ್ಯಾಕ್‌ವಾಶ್‌ನಲ್ಲಿ ಡಿಇ ಪುಡಿಯೂ ಕೊಚ್ಚಿಹೋಗುತ್ತದೆ, ಮತ್ತೆ ಹಾಕಬೇಕು. ನೀರು ಸೋಸುವುದು ಆ ಪುಡಿಯೇ, ಒಳಗಿನ ಗ್ರಿಡ್‌ಗೆ (ಚೌಕಟ್ಟಿಗೆ) ಹೊದಿಸಿದ ಬಟ್ಟೆ ಅಲ್ಲ. ಪುಡಿ ಇಲ್ಲದೆ ಓಡಿಸಿದರೆ ಸನ್‌ಸ್ಕ್ರೀನ್ ಜಿಡ್ಡು, ಪಾಚಿ ಎಲ್ಲಾ ನೇರ ಬಟ್ಟೆಗೇ ಮೆತ್ತಿಕೊಂಡು ಆಮೇಲೆ ಉಜ್ಜಿದರೂ ಬಿಡುವುದಿಲ್ಲ. ಬಿಚ್ಚಿ ಪೂರ್ತಿ ತೊಳೆದಿದ್ದರೆ ಸಾಮಾನ್ಯವಾಗಿ ಸೋಸುವ ಬಟ್ಟೆಯ 10 ಚದರ ಅಡಿಗೆ 1 ಪೌಂಡ್ ಪುಡಿ ಲೆಕ್ಕ, ಅಂದರೆ 60 ಚದರ ಅಡಿಯ ಫಿಲ್ಟರ್‌ಗೆ 6 ಪೌಂಡ್. ಬರೀ ಬ್ಯಾಕ್‌ವಾಶ್ ಆದರೆ ಸ್ವಲ್ಪ ಕಮ್ಮಿ ಸಾಕು, ಹಳೇ ಪುಡಿ ಒಂದಷ್ಟು ಒಳಗೇ ಉಳಿದಿರುತ್ತದೆ ಅಲ್ವಾ. ಬಕೆಟ್ ನೀರಿನಲ್ಲಿ ನೀರುಮಜ್ಜಿಗೆ ಹದಕ್ಕೆ ಕದಡಿ, ಪಂಪ್ ಓಡುತ್ತಿರುವಾಗಲೇ ಸ್ಕಿಮ್ಮರ್‌ಗೆ (ಪೂಲ್ ಅಂಚಿನಲ್ಲಿ ನೀರು ಒಳಗೆ ಎಳೆಯುವ ಬಾಯಿ) ನಿಧಾನಕ್ಕೆ ಸುರಿಯಿರಿ.

ಪುಡಿ ಅಳೆಯುವಾಗ ಎನ್95 ಮಾಸ್ಕ್ ಹಾಕಿಕೊಳ್ಳಿ. ಅದರಲ್ಲಿ ಸಿಲಿಕಾ ಇರುತ್ತದೆ, ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಗಿಡಗಳ ಹುಳಕ್ಕೆ ಹಾಕುವ ಡಿಇ ಪುಡಿ ಇದಕ್ಕೆ ಆಗುವುದಿಲ್ಲ, ಪೂಲ್‌ನದೇ ಬೇಕು.

ಪೂಲ್‌ಗೆ ನೀರು ವಾಪಸ್ ಬರುವ ಕಡೆ ಬಿಳಿ ಪುಡಿ ಬರುತ್ತಲೇ ಇದ್ದರೆ ಗ್ರಿಡ್ ಹರಿದಿರಬಹುದು, ಇಲ್ಲಾ ಗ್ರಿಡ್‌ಗಳನ್ನು ಕೂಡಿಸುವ ಮ್ಯಾನಿಫೋಲ್ಡ್ ಬಿರುಕು ಬಿಟ್ಟಿರಬಹುದು. ಬಿಚ್ಚಿ ನೋಡಲೇಬೇಕು. ಆದರೆ ಪಂಪ್ ಆಫ್ ಮಾಡಿ, ಮೇಲಿನ ಏರ್ ವಾಲ್ವ್ ತೆರೆದು, ಗೇಜ್ ಸೊನ್ನೆಗೆ ಇಳಿಯುವ ತನಕ ಟ್ಯಾಂಕ್ ಮುಚ್ಚಳದ ಕ್ಲ್ಯಾಂಪ್ ಮುಟ್ಟಬೇಡಿ. ಒಳಗೆ ಒತ್ತಡ ಉಳಿದಿದ್ದರೆ ಮುಚ್ಚಳ ಹಾರಿ ಮುಖಕ್ಕೇ ಬಡಿಯುತ್ತದೆ.