ಇಬೇ ಹರಾಜು ಗೆದ್ದ ಮೇಲೆ ಹಣ ಕಟ್ಟಲು ಎಷ್ಟು ದಿನ? ಅಮೆರಿಕದ ಕನ್ನಡಿಗರಿಗೆ ಒಂದಿಷ್ಟು ಲೆಕ್ಕ

ಅಮೆರಿಕಕ್ಕೆ ಬಂದ ಹೊಸತರಲ್ಲಿ ಅಮೆಜಾನ್, ಕಾಸ್ಟ್ಕೊ ಎಲ್ಲ ಬೇಗ ಅಭ್ಯಾಸವಾಗುತ್ತವೆ. ಇಬೇ ಹಾಗಲ್ಲ. ನಮ್ಮಲ್ಲಿ ಬಹಳ ಜನ ಆನ್‌ಲೈನ್ ಹರಾಜಿನಲ್ಲಿ ಕೂಗಿದವರೇ ಅಲ್ಲ. 2004ರಲ್ಲಿ ಬಾಝಿ ಡಾಟ್ ಕಾಮ್ ಎಂಬ ಹರಾಜು ಸೈಟನ್ನು ಕೊಂಡು ಭಾರತಕ್ಕೆ ಬಂದಿತ್ತು ಇಬೇ. ಅದರ ಭಾರತದ ವ್ಯಾಪಾರ 2017ರಲ್ಲಿ ಬೆಂಗಳೂರಿನ ಫ್ಲಿಪ್‌ಕಾರ್ಟ್ ಕೈಗೆ ಹೋಯಿತು, 2018ರಲ್ಲಿ ಬಾಗಿಲು ಹಾಕಿತು. ಆಮೇಲೆ ಆನ್‌ಲೈನ್ ಶಾಪಿಂಗ್ ಕಲಿತವರಿಗೆ ಗೊತ್ತಿರುವುದು ಕ್ಯಾಶ್ ಆನ್ ಡೆಲಿವರಿ. ಬೇಡ ಅನ್ನಿಸಿದರೆ ಡೆಲಿವರಿ ಹುಡುಗನನ್ನು ಬಾಗಿಲಿಂದಲೇ ವಾಪಸ್ ಕಳಿಸಿದರಾಯಿತು. ಇದೇ ರೂಢಿಯಲ್ಲಿ ಇಬೇಯಲ್ಲಿ ಬಿಡ್ ಹಾಕಿದವರು ಮೊದಲು ಎಡವುವುದು ಹಣ ಕಟ್ಟುವ ಗಡುವಿನಲ್ಲಿ.

ನಿಯಮ ಚಿಕ್ಕದು. ಹರಾಜು ಗೆದ್ದ ಮೇಲೆ ನಾಲ್ಕು ದಿನದೊಳಗೆ ಹಣ ಕಟ್ಟಬೇಕು. ಇವು ಕ್ಯಾಲೆಂಡರ್ ದಿನಗಳು. ಶನಿವಾರ, ಭಾನುವಾರ, ಥ್ಯಾಂಕ್ಸ್‌ಗಿವಿಂಗ್ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ನಾಲ್ಕು ದಿನ ಕಳೆದ ಮೇಲೆ ‘ಕೊಂಡವರು ಹಣ ಕೊಟ್ಟಿಲ್ಲ’ ಎಂಬ ಕಾರಣ ಹಾಕಿ ಸೆಲ್ಲರ್ ಆರ್ಡರ್ ರದ್ದು ಮಾಡಬಹುದು. ಸುಮಾರು 30 ದಿನದವರೆಗೂ ಅವರಿಗೆ ಈ ಅವಕಾಶ ಇರುತ್ತದೆ. ಕೆಲವರು ಒಂದು ವಾರ ಕಾಯುತ್ತಾರೆ. ಇನ್ನು ಕೆಲವರು ಸೆಟ್ಟಿಂಗ್‌ನಲ್ಲೇ ತಾನಾಗಿ ರದ್ದಾಗುವಂತೆ ಇಟ್ಟಿರುತ್ತಾರೆ. ಅಂಥ ಕಡೆ ನಿಮ್ಮ ‘ಸಾರಿ, ನಾಳೆ ಕಟ್ಟುತ್ತೇನೆ’ ಎಂಬ ಮೆಸೇಜನ್ನು ಓದುವವರೂ ಇರುವುದಿಲ್ಲ.

ಇಷ್ಟು ಬಿಗಿ ಯಾಕೆ? ಬಿಡಿಎ ಮೂಲೆ ಸೈಟಿನ ಇ-ಹರಾಜು ನೆನಪಿಸಿಕೊಳ್ಳಿ. ಅಲ್ಲಿ ಮುಂಗಡ ಠೇವಣಿ ಇಡದೆ ಕೂಗುವ ಹಾಗೇ ಇಲ್ಲ. ಇಬೇಯಲ್ಲಿ ಮಾಮೂಲಿ ಸಾಮಾನಿಗೆ ಅಂಥ ಠೇವಣಿ ಇಲ್ಲ. ಯಾರು ಬೇಕಾದರೂ ಮೊಬೈಲ್‌ನಲ್ಲಿ ಒಂದು ಬಟನ್ ಒತ್ತಿ ಕೂಗಬಹುದು. ಹಾಗಾಗಿ ಸೆಲ್ಲರ್‌ಗೆ ಇರುವ ಮುಖ್ಯ ರಕ್ಷಣೆ ಈ ಗಡುವು. ವಸ್ತುವನ್ನು ಎತ್ತಿಟ್ಟುಕೊಂಡು ಕಾಯುತ್ತಿರುವವರು ಅವರು. ನನ್ನ ಮಟ್ಟಿಗೆ, ಈ ನಾಲ್ಕು ದಿನ ಕಾರ್ಡು, ಅಡ್ರೆಸ್ಸಿನ ತೊಡಕು ಬಿಡಿಸಿಕೊಳ್ಳಲು ಕೊಟ್ಟ ಸಮಯ. ಬೇಕೋ ಬೇಡವೋ ಎಂಬ ಯೋಚನೆ ಬಿಡ್ ಹಾಕುವ ಮುಂಚೆಯೇ ಮುಗಿದಿರಬೇಕು.

ಹಲವು ಲಿಸ್ಟಿಂಗ್‌ಗಳಲ್ಲಿ ಈಗ ಈ ನಾಲ್ಕು ದಿನವೂ ಸಿಗುವುದಿಲ್ಲ. ಬಿಡ್ ಅಥವಾ ಆಫರ್ ಹಾಕುವಾಗಲೇ ಕಾರ್ಡ್ ಕೇಳುತ್ತಾರೆ. ಗೆದ್ದರೆ ಹಣ ತಾನಾಗಿ ಕಡಿತವಾಗುತ್ತದೆ. ಬಿಡ್ ಖಚಿತಪಡಿಸುವ ಪುಟದಲ್ಲಿ ಇದನ್ನು ಬರೆದಿರುತ್ತಾರೆ, ಆದರೆ ನಾವು ಓದುವುದಿಲ್ಲ, ಅಲ್ವಾ? ‘ಬೈ ಇಟ್ ನೌ’, ಅಂದರೆ ಹರಾಜಿಲ್ಲದೆ ನಿಗದಿತ ಬೆಲೆಗೆ ಕೊಳ್ಳುವ ಬಟನ್, ಇರುವ ಎಷ್ಟೋ ಕಡೆ ಹಣ ಆ ಕ್ಷಣವೇ ಕಟ್ಟಬೇಕು. ಕಟ್ಟುವವರೆಗೆ ವಸ್ತು ನಿಮ್ಮದಲ್ಲ. ನೀವು ಕಾರ್ಡ್ ಹುಡುಕುತ್ತಾ ಕೂತಾಗ ಇನ್ನೊಬ್ಬರು ಅದನ್ನು ಕೊಂಡುಬಿಡಬಹುದು.

ಇನ್ನು ಮೊತ್ತದ ವಿಷಯ. ಕೂಗಿದ ಬೆಲೆಯೇ ಕಟ್ಟಬೇಕಾದ ಬೆಲೆ ಅಂದುಕೊಳ್ಳಬೇಡಿ. ಭಾರತದ ಎಂಆರ್‌ಪಿಯಲ್ಲಿ ತೆರಿಗೆ ಸೇರಿಯೇ ಇರುತ್ತದೆ. ಇಲ್ಲಿ ಸೇಲ್ಸ್ ಟ್ಯಾಕ್ಸ್ ಕೊನೆಯಲ್ಲಿ ಬಂದು ಕೂರುತ್ತದೆ, ಅದೂ ನಿಮ್ಮ ಮನೆ ಯಾವ ರಾಜ್ಯದಲ್ಲಿದೆ ಎಂಬುದರ ಮೇಲೆ. ಡಲ್ಲಾಸ್‌ನಲ್ಲಿ ಇರುವವರು 40 ಡಾಲರ್‌ಗೆ ಒಂದು ವಸ್ತು ಗೆದ್ದರು, ಶಿಪ್ಪಿಂಗ್ 12 ಡಾಲರ್ ಅಂದುಕೊಳ್ಳಿ. ಟೆಕ್ಸಸ್‌ನಲ್ಲಿ ಶಿಪ್ಪಿಂಗ್ ಮೇಲೂ ತೆರಿಗೆ ಇದೆ. ಶೇ. 8.25ರಂತೆ ಒಟ್ಟು 56 ಡಾಲರ್ 29 ಸೆಂಟ್. ಆರೆಗನ್‌ನಲ್ಲಿ ಇದ್ದವರಿಗೆ ಅದೇ ವಸ್ತು 52ಕ್ಕೇ ಮುಗಿಯುತ್ತದೆ, ಅಲ್ಲಿ ಸೇಲ್ಸ್ ಟ್ಯಾಕ್ಸೇ ಇಲ್ಲ. ದೊಡ್ಡ ಮೊತ್ತದಲ್ಲಿ ಈ ವ್ಯತ್ಯಾಸ ಕಾರ್ಡ್ ಲಿಮಿಟ್ ದಾಟಿಸಿಬಿಡುತ್ತದೆ. ಕ್ರೆಡಿಟ್ ಹಿಸ್ಟರಿ ಇಲ್ಲದೆ ಠೇವಣಿ ಇಟ್ಟು ಸೆಕ್ಯೂರ್ಡ್ ಕಾರ್ಡ್ ತೆಗೆದುಕೊಂಡವರಿಗಂತೂ ಲಿಮಿಟ್ ಸಣ್ಣದೇ ಇರುತ್ತದೆ.

ಹಣ ಇದ್ದೂ ಗಡುವು ತಪ್ಪುವುದು ಇಂಥ ಸಣ್ಣ ಕಾರಣಗಳಿಂದಲೇ. ಮನೆ ಬದಲಿಸಿ ಬ್ಯಾಂಕಿನಲ್ಲಿ ಹಳೆ ಅಡ್ರೆಸ್ ಬಿಟ್ಟಿದ್ದರೆ ಕಾರ್ಡ್ ತಿರಸ್ಕಾರವಾಗಬಹುದು. ಹೊಸ ಅಕೌಂಟಿನಿಂದ ಏಕಾಏಕಿ ದೊಡ್ಡ ಮೊತ್ತ ಹೋದರೆ ಬ್ಯಾಂಕಿನವರಿಗೆ ಅನುಮಾನ. ‘ಇದು ನೀವೇನಾ?’ ಎಂದು ಮೆಸೇಜ್ ಕಳಿಸಿ ತಡೆದಿಡುತ್ತಾರೆ, ನೀವು ಹೌದು ಅನ್ನುವವರೆಗೆ ಹಣ ಹೋಗುವುದಿಲ್ಲ. ರಜೆಗೆ ಊರಿಗೆ ಹೋದಾಗ ಇದು ಇನ್ನೂ ಕಷ್ಟ. ಇಬೇಯ ಗಡಿಯಾರ ನಡೆಯುವುದು ಪೆಸಿಫಿಕ್ ಸಮಯದಲ್ಲಿ. ಭಾನುವಾರ ಸಂಜೆ ಮುಗಿಯುವ ಹರಾಜು ಅಂದರೆ ಮೈಸೂರಿನಲ್ಲಿ ಸೋಮವಾರ ಬೆಳಿಗ್ಗೆ. ಬ್ಯಾಂಕಿನ ಕೋಡ್ ಅಮೆರಿಕದ ನಂಬರಿಗೆ ಹೋಗುತ್ತದೆ, ಆ ಸಿಮ್ ಸೂಟ್‌ಕೇಸಿನಲ್ಲಿ ಇರುತ್ತದೆ. ಊರಿಗೆ ಹೊರಡುವ ವಾರ ಬಿಡ್ ಹಾಕದೇ ಇರುವುದು ವಾಸಿ.

ಹಳೆ ನಾಣ್ಯ ಕೂಡಿಸುವವರಿಗೆ ಒಂದು ಮಾತು ಬೇರೆಯಾಗಿ ಹೇಳಬೇಕು, ಯಾಕೆಂದರೆ ನಮ್ಮವರಲ್ಲಿ ಈ ಹುಚ್ಚಿನವರು ಇದ್ದಾರೆ. ಟಿಪ್ಪು ಕಾಲದ ಆನೆ ಗುರುತಿನ ತಾಮ್ರದ ಕಾಸು, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಕನ್ನಡ ಅಕ್ಷರದ ನಾಣ್ಯಗಳು ಇಬೇಯಲ್ಲಿ ಆಗಾಗ ಬರುತ್ತವೆ. ಒಬ್ಬರೇ ಸೆಲ್ಲರ್ ಹತ್ತಿರ ಒಂದೇ ವಾರದಲ್ಲಿ ನಾಲ್ಕೈದು ಗೆಲ್ಲುವ ಆಸೆ ಇದ್ದರೆ, ಎಲ್ಲವನ್ನೂ ಒಂದೇ ಕವರಿನಲ್ಲಿ ಹಾಕಿಸಿ ಶಿಪ್ಪಿಂಗ್ ಉಳಿಸಬಹುದು. ಆದರೆ ಗಡುವು ಒಂದೊಂದು ನಾಣ್ಯಕ್ಕೂ ಬೇರೆ ಬೇರೆ. ಸೋಮವಾರ ಗೆದ್ದದ್ದಕ್ಕೆ ಭಾನುವಾರದವರೆಗೆ ಕಾಯುತ್ತಾರೆ ಎಂದು ನೀವೇ ತೀರ್ಮಾನಿಸಬೇಡಿ. ಮೊದಲ ಬಿಡ್‌ಗೂ ಮುಂಚೆ ಕೇಳಿ: ‘ಇನ್ನೂ ಕೆಲವಕ್ಕೆ ಬಿಡ್ ಹಾಕುವವನಿದ್ದೇನೆ, ಒಟ್ಟಿಗೆ ಕಟ್ಟಬಹುದೇ?’ ನಾಣ್ಯ, ಅಂಚೆಚೀಟಿ ಮಾರುವವರಲ್ಲಿ ಬಹಳ ಜನ ಒಪ್ಪುತ್ತಾರೆ. ಒಪ್ಪಿದರೆ, ಎಲ್ಲ ಗೆದ್ದ ಮೇಲೆ ‘ರಿಕ್ವೆಸ್ಟ್ ಟೋಟಲ್’ ಒತ್ತಿ, ಅವರು ಒಟ್ಟು ಮೊತ್ತ ಕಳಿಸಿದ ಮೇಲೆ ಕಟ್ಟಿ. ಹಣ ಮೊದಲೇ ಕಡಿತವಾಗಿದ್ದರೆ ಜಾಸ್ತಿಯಾದ ಶಿಪ್ಪಿಂಗ್ ವಾಪಸ್ ಕೊಡುವವರೂ ಇದ್ದಾರೆ. ಮಾತುಕತೆ ಮಾತ್ರ ಇಬೇ ಮೆಸೇಜ್‌ನಲ್ಲೇ ಇರಲಿ, ನಾಳೆ ತೋರಿಸಲು ದಾಖಲೆ ಬೇಕಲ್ಲ.

ಮನಸ್ಸು ಬದಲಾದರೆ? ಹರಾಜು ಇನ್ನೂ ನಡೆಯುತ್ತಿದ್ದರೆ ಬಿಡ್ ವಾಪಸ್ ಪಡೆಯಲು ದಾರಿ ಇದೆ, ಆದರೆ ಕಾರಣ ಸರಿಯಾಗಿರಬೇಕು. 10.00 ಹಾಕಲು ಹೋಗಿ 1000 ಹಾಕಿದಿರಿ, ಅಥವಾ ಸೆಲ್ಲರ್ ವಿವರಣೆಯನ್ನೇ ಬದಲಿಸಿದರು, ಇಂಥವು. ಮುಗಿಯಲು 12 ಗಂಟೆಗಿಂತ ಕಡಿಮೆ ಉಳಿದಿದ್ದರೆ, ಬಿಡ್ ಹಾಕಿದ ಒಂದು ಗಂಟೆಯೊಳಗೆ ಮಾತ್ರ ಹಿಂದೆಗೆದುಕೊಳ್ಳಬಹುದು. ಗೆದ್ದಾದ ಮೇಲೆ ಉಳಿಯುವುದು ಸೆಲ್ಲರ್‌ರನ್ನು ಕೇಳುವುದಷ್ಟೇ. ಒಪ್ಪುವುದು ಬಿಡುವುದು ಅವರಿಗೆ ಬಿಟ್ಟದ್ದು. ಸುಮ್ನೆ ಕೂರುವುದಕ್ಕಿಂತ ಇದು ಎಷ್ಟೋ ಮೇಲು. ‘ಕೊಂಡವರೇ ರದ್ದು ಕೇಳಿದರು’ ಎಂದು ಅವರು ದಾಖಲಿಸಿದರೆ ಹಣ ಕಟ್ಟದವರ ಪಟ್ಟಿಗೆ ನಿಮ್ಮ ಹೆಸರು ಸೇರುವುದಿಲ್ಲ.

ಆ ಪಟ್ಟಿಯನ್ನು ಹಗುರವಾಗಿ ಕಾಣಬೇಡಿ. 2008ರಿಂದ ಸೆಲ್ಲರ್‌ಗಳು ಕೊಂಡವರ ಮೇಲೆ ಕೆಟ್ಟ ಫೀಡ್‌ಬ್ಯಾಕ್ ಬರೆಯುವ ಹಾಗಿಲ್ಲ. ಅದನ್ನೇ ನಂಬಿ ‘ಏನೂ ಆಗಲ್ಲ ಬಿಡಿ’ ಅನ್ನುವವರಿದ್ದಾರೆ. ಆದರೆ ಹಣ ಕಟ್ಟದ ದಾಖಲೆ ಅಕೌಂಟಿನಲ್ಲಿ ಉಳಿಯುತ್ತದೆ. ಅಂಥ ದಾಖಲೆ ಎರಡೋ ಅದಕ್ಕಿಂತ ಹೆಚ್ಚೋ ಇರುವವರು ತಮ್ಮ ಹರಾಜಿಗೇ ಬರದಂತೆ ಸೆಲ್ಲರ್‌ಗಳು ಸೆಟ್ಟಿಂಗ್ ಇಡಬಹುದು. ಪದೇ ಪದೇ ಆದರೆ ಇಬೇಯೇ ಅಕೌಂಟಿಗೆ ಕಡಿವಾಣ ಹಾಕುತ್ತದೆ.

ಗಡುವಿನ ಹೆದರಿಕೆಯನ್ನೇ ಬಳಸಿಕೊಳ್ಳುವ ಮೋಸಗಾರರೂ ಇದ್ದಾರೆ. ‘ಕಾರ್ಡ್ ಕೆಲಸ ಮಾಡ್ತಿಲ್ವಾ? ಇವತ್ತೇ ಝೆಲ್ ಮಾಡಿ, ಇಲ್ಲಾಂದ್ರೆ ಬೇರೆಯವರಿಗೆ ಕೊಡ್ತೀನಿ’ ಎಂದು ಮೆಸೇಜ್ ಬರುತ್ತದೆ. ಝೆಲ್ (ಬ್ಯಾಂಕ್ ಖಾತೆಯಿಂದ ಖಾತೆಗೆ ನೇರವಾಗಿ ಹಣ ಕಳಿಸುವ ಸೇವೆ), ವೈರ್, ಗಿಫ್ಟ್ ಕಾರ್ಡ್ ನಂಬರ್ ಯಾವುದೂ ಬೇಡ. ಇಬೇ ಹೊರಗೆ ಕೊಟ್ಟ ಹಣಕ್ಕೆ ಅವರ ಮನಿ ಬ್ಯಾಕ್ ಗ್ಯಾರಂಟಿ ಅನ್ವಯಿಸುವುದಿಲ್ಲ. ವಸ್ತು ಕೈತಪ್ಪಿದರೆ ತಪ್ಪಲಿ, ಹಣವಾದರೂ ಉಳಿಯುತ್ತದೆ.

ಬೇರೆ ಹರಾಜು ಸೈಟ್‌ಗಳಲ್ಲಿ ಈ ನಾಲ್ಕು ದಿನದ ಲೆಕ್ಕ ನಡೆಯುವುದಿಲ್ಲ. ಕೌಂಟಿ, ಶಾಲೆ, ಪೊಲೀಸ್ ಇಲಾಖೆಗಳು ಹಳೆ ಕಾರು, ಲ್ಯಾಪ್‌ಟಾಪ್, ಮೇಜು ಕುರ್ಚಿ ಮಾರುವ ಗವ್‌ಡೀಲ್ಸ್‌ನಲ್ಲಿ ಸಾಮಾನ್ಯವಾಗಿ ಹಣ ಕಟ್ಟಲು ಐದು ಕೆಲಸದ ದಿನ, ವಸ್ತು ಎತ್ತಿಕೊಂಡು ಹೋಗಲು ಹತ್ತು ಕೆಲಸದ ದಿನ. ಇಲ್ಲಿ ಶನಿವಾರ, ಭಾನುವಾರ ಬಿಟ್ಟು ಎಣಿಸಬೇಕು. ಪ್ರತಿ ಇಲಾಖೆಯೂ ತನ್ನದೇ ಷರತ್ತು ಹಾಕಬಹುದು, ಬೆಲೆಯ ಮೇಲೆ ಬೈಯರ್ಸ್ ಪ್ರೀಮಿಯಂ ಎಂಬ ಶುಲ್ಕವೂ ಬೀಳಬಹುದು. ಗವ್‌ಡೀಲ್ಸ್‌ನಲ್ಲಿ ಎರಡನೇ ಗಡುವೇ ಜಾಸ್ತಿ ತೊಂದರೆ ಕೊಡುವುದು. ಎಷ್ಟೋ ಕಡೆ ಗೋದಾಮು ತೆರೆಯುವುದು ವಾರದ ದಿನಗಳಲ್ಲಿ, ಆಫೀಸ್ ಸಮಯದಲ್ಲಿ. ಎತ್ತಿ ಹಾಕಲು ಅಲ್ಲಿಯವರು ಕೈ ಜೋಡಿಸುತ್ತಾರೆ ಎಂದೂ ಇಲ್ಲ. ಮೇಜು ಗೆಲ್ಲುವ ಮುಂಚೆ ಒಂದು ದಿನ ರಜೆ, ಬಾಡಿಗೆ ಟ್ರಕ್ಕು, ಇನ್ನೊಂದು ಕಡೆ ಹಿಡಿಯಲು ಒಬ್ಬ ಸ್ನೇಹಿತ, ಮೂರೂ ಸಿಗುತ್ತಾ ಅಂತ ನೋಡಿಕೊಳ್ಳಿ.