ಎಚ್‌ಐವಿ ಮಾತ್ರೆಗೆ ಅಲಾರಂ ಇಡುವುದು ಹೇಗೆ, ಅದಕ್ಕೆ ಏನಂತ ಹೆಸರಿಡಬೇಕು

ಎಚ್‌ಐವಿ ಮಾತ್ರೆ ನೆನಪಿಸೋಕೆ ಯಾವ ಆಪ್ ಒಳ್ಳೇದು ಅಂತ ಕೇಳುವವರಿಗೆ ನಾನು ಹೇಳುವುದು ಒಂದೇ, ಆಪ್ ಬೇಡ. ಫೋನಿನಲ್ಲಿರುವ ಅಲಾರಂ ಸಾಕು. ಮೂಡಿಗೆರೆ ಕಡೆಯ ತೋಟದ ಲೈನ್ ಮನೆಗಳಲ್ಲಿ ನೆಟ್‌ವರ್ಕ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅಲಾರಂಗೆ ಅದರ ಹಂಗಿಲ್ಲ.

ಈಗ ಹೆಚ್ಚಿನವರಿಗೆ ಎಚ್‌ಐವಿ ಔಷಧಿ ಕೊಡುವ ಎಆರ್‌ಟಿ ಕೇಂದ್ರದಲ್ಲಿ ಸಿಗುವುದು ದಿನಕ್ಕೊಂದು ಮಾತ್ರೆ, ಮೂರು ಔಷಧಿ ಸೇರಿದ ಟಿಎಲ್‌ಡಿ. ರಾತ್ರಿ ಊಟದ ಹೊತ್ತಿಗೆ ಅಲಾರಂ ಇಡಿ, ಕಾಲು ಗಂಟೆ ಬಿಟ್ಟು ಇನ್ನೊಂದು. ಮೊದಲನೆಯದನ್ನು ಕೈ ತಾನಾಗೇ ಆಫ್ ಮಾಡಿಬಿಡುತ್ತದೆ, ಅಲ್ವಾ? ಆದರೆ ಅದಕ್ಕೆ 'ಮಾತ್ರೆ' ಅಂತ ಹೆಸರು ಕೊಡಬೇಡಿ. ಮನೆಗೆಲ್ಲ ಒಂದೇ ಫೋನ್ ಇದ್ದರೆ ಮಕ್ಕಳು ಆಟ ಆಡುತ್ತಾ ಸ್ಕ್ರೀನ್ ಮೇಲೆ ಬಂದಿದ್ದನ್ನೆಲ್ಲ ಜೋರಾಗಿ ಓದುತ್ತಾರೆ. 'ಹಾಲಿಗೆ ಹೆಪ್ಪು' ಅಂತ ಹಾಕಿ. ಯಾರೂ ತಿರುಗಿ ಕೇಳುವುದಿಲ್ಲ.

ಮರೆತರೆ ನೆನಪಾದ ಕೂಡಲೇ ನುಂಗಿ. ಮರೆತಿದ್ದಕ್ಕೆ ಅಂತ ಎರಡು ಒಟ್ಟಿಗೆ ನುಂಗಬೇಡಿ.

ಮಳೆಗಾಲದ್ದು ಬೇರೆ ಕಥೆ. ಸಕಲೇಶಪುರದ ಕಡೆ ಕರೆಂಟ್ ಹೋದರೆ ಎರಡು ಮೂರು ದಿನ ಬರುವುದೇ ಇಲ್ಲ, ಚಾರ್ಜ್ ಮುಗಿದ ಫೋನಿನಲ್ಲಿ ಅಲಾರಂ ಹೊಡೆಯುವುದಿಲ್ಲ. ಜೂನ್‌ಗೆ ಮುಂಚೆ ಸೆಲ್ ಹಾಕುವ ಒಂದು ಅಲಾರಂ ಗಡಿಯಾರ ತಂದಿಟ್ಟುಕೊಳ್ಳಿ. ಇದು ಡಿಜಿಟಲ್ ಸಲಹೆ ಅಲ್ಲ, ಗೊತ್ತು.

ಆಸ್ಪತ್ರೆ ಪುಸ್ತಕದ ಫೋಟೋ ತೆಗೆದಿಟ್ಟುಕೊಂಡರೆ ಒಳ್ಳೇದು, ಹಾಸನಕ್ಕೋ ಚಿಕ್ಕಮಗಳೂರಿಗೋ ಬಸ್ ಹತ್ತಿದ ಮೇಲೆ ಪುಸ್ತಕ ಮನೆಯಲ್ಲೇ ಉಳಿಯಿತು ಅಂತ ಗೊತ್ತಾಗುವುದು ನನಗೊಬ್ಬಳಿಗೇ ಅಲ್ಲ. ಆದರೆ ಅದು ಗ್ಯಾಲರಿಯಲ್ಲಿ ಸುಮ್ನೆ ಬಿದ್ದಿರಬಾರದು, ಲಾಕ್ ಇರುವ ಫೋಲ್ಡರ್‌ಗೆ ಹಾಕಿ. ರಕ್ತದಲ್ಲಿ ವೈರಸ್ ಎಷ್ಟಿದೆ ಅಂತ ನೋಡುವ ವೈರಲ್ ಲೋಡ್ ಟೆಸ್ಟ್ ಮಾತ್ರೆ ಶುರುವಾಗಿ 6 ತಿಂಗಳಿಗೆ, ಆಮೇಲೆ 12ಕ್ಕೆ, ಮುಂದೆ ವರ್ಷಕ್ಕೊಮ್ಮೆ. ಆ ತಾರೀಖನ್ನೂ ಕ್ಯಾಲೆಂಡರ್‌ನಲ್ಲಿ ಹಾಕಿ. ಯಾಕೆಂದರೆ ಟೆಸ್ಟಿನಲ್ಲಿ ವೈರಸ್ ಸಿಗದಷ್ಟು ಕಮ್ಮಿಯಾಗಿ ಹಾಗೇ ಉಳಿದರೆ ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಹರಡುವುದಿಲ್ಲ. ಮದುವೆ ಮಾತು ಬಂದಾಗ ಇದನ್ನು ಯಾರೂ ಹೇಳಿಕೊಡುವುದಿಲ್ಲ.

ಇನ್ನು ಎಚ್‌ಐವಿ ಇಲ್ಲದವರಿಗೆ ಕಾಂಡೋಮ್ ಹರಿಯಿತು, ಸೂಜಿ ಚುಚ್ಚಿತು ಅಂತ ಭಯವಾದರೆ ಗೂಗಲ್‌ನಲ್ಲಿ ಹುಡುಕುತ್ತಾ ಕೂರಬೇಡಿ. ಸೋಂಕು ತಡೆಯುವ ಪೆಪ್ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು, 28 ದಿನ ನುಂಗಬೇಕು. ಸೀದಾ ಜಿಲ್ಲಾಸ್ಪತ್ರೆಗೆ ಹೋಗಿ. ಏನಾದರೂ ಕೇಳಬೇಕಿದ್ದರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ಪುಕ್ಕಟೆ, ಕನ್ನಡದಲ್ಲೇ ಮಾತಾಡಬಹುದು. ಮಾತು ಮುಗಿದ ಮೇಲೆ ಕಾಲ್ ಲಿಸ್ಟಿನಿಂದ ಆ ನಂಬರ್ ಅಳಿಸಿ, ಆಮೇಲೆ ಫೋನ್ ಮಕ್ಕಳ ಕೈಗೆ ಕೊಡಿ.