ಟ್ರಿಬ್ಯುನಲ್ ದಾರಿಯಲ್ಲಿ ಸಿಕ್ಕ ತೋಟದ ಕೀ: ನನ್ನ ಅನುಭವ

ಫ್ಲಾಟಿನವರೆಲ್ಲ ಬಳಸುವ ತೋಟದ ಗೇಟಿಗೆ ಬೀಗ ಬಿದ್ದರೆ ಟ್ರಿಬ್ಯುನಲ್‌ಗೆ (ಇಂಗ್ಲೆಂಡಿನ ಫಸ್ಟ್-ಟಿಯರ್ ಟ್ರಿಬ್ಯುನಲ್, ಫ್ಲಾಟಿನ ಖರ್ಚಿನಂಥ ತಕರಾರು ಕೇಳುವ ನ್ಯಾಯಮಂಡಳಿ) ಹೋಗಿ ಏನೂ ಪ್ರಯೋಜನ ಇಲ್ಲ ಅಂತ ಎಲ್ಲರೂ ಹೇಳಿದ್ದರು. ಸಾಲಿಸಿಟರ್ (ವಕೀಲರು) ಹೇಳಿದರು, ಕ್ರಾಯ್ಡನ್ ಕಡೆಯ ಕನ್ನಡದ ಗೆಳೆಯರೂ ಹೇಳಿದರು. "ಸುಮ್ನೆ ಯಾಕೆ ತಲೆ ಕೆಡಿಸ್ಕೋತೀರಾ, ಮಾರಿ ಬೇರೆ ಕಡೆ ಹೋಗಿ" ಅಂದವರೂ ಇದ್ದಾರೆ. ಅವರ ಮಾತು ಒಂದು ಲೆಕ್ಕಕ್ಕೆ ಸರಿಯೇ. ಗೇಟು ತೆಗೆಯಿರಿ ಅಂತ ಆದೇಶ ಕೊಡುವುದು ಕೌಂಟಿ ಕೋರ್ಟಿನ, ಅಂದರೆ ಸಿವಿಲ್ ಕೋರ್ಟಿನ ಕೆಲಸ. ಆದರೂ ನನಗೆ ಕೀ ಸಿಕ್ಕಿದ್ದು ಟ್ರಿಬ್ಯುನಲ್ ದಾರಿಯಲ್ಲೇ.

ನಮ್ಮದು ದಕ್ಷಿಣ ಲಂಡನ್ನಿನ ಹಳೇ ವಿಕ್ಟೋರಿಯನ್ ಮನೆ. ಅದನ್ನು ನಾಲ್ಕು ಫ್ಲಾಟ್ ಮಾಡಿದ್ದಾರೆ, ಹಿಂದೆ ಉದ್ದನೆಯ ತೋಟ ಇದೆ. ನಾವು ಲೀಸ್‌ಹೋಲ್ಡರ್‌ಗಳು, ಅಂದರೆ ಫ್ಲಾಟನ್ನು ದೀರ್ಘ ಲೀಸಿನ ಮೇಲೆ ಕೊಂಡವರು. ಕಟ್ಟಡ, ನೆಲದ ಮಾಲೀಕ ಫ್ರೀಹೋಲ್ಡರ್. ಹಿಂದಿನ ಫ್ರೀಹೋಲ್ಡರ್ ಇದ್ದಷ್ಟು ಕಾಲ ಎಲ್ಲರೂ ಓಡಾಡುತ್ತಿದ್ದೆವು. ಫ್ರೀಹೋಲ್ಡ್ ಒಂದು ಕಂಪನಿಯ ಕೈಗೆ ಹೋಯಿತು, ಪಕ್ಕದ ಗೇಟಿಗೆ ಹೊಸ ಬೀಗ ಬಂತು. ಕೀ ಕೆಳಗಿನ ಫ್ಲಾಟಿಗೆ ಮಾತ್ರ. ಆ ಫ್ಲಾಟ್ ಕಂಪನಿಯದ್ದೇ, ಬಾಡಿಗೆಗೆ ಕೊಟ್ಟಿದ್ದರು. ತೋಟ ಇದೆ ಅಂದರೆ ಬಾಡಿಗೆ ಜಾಸ್ತಿ ಸಿಗುತ್ತದೆ ಅಲ್ವಾ.

ಮೊದಲು ಸೋತ ದಾರಿಗಳನ್ನು ಹೇಳಿಬಿಡುತ್ತೇನೆ. ಕಂಪನಿ ಪರವಾಗಿ ಕಟ್ಟಡ ನೋಡಿಕೊಳ್ಳುವ ಮ್ಯಾನೇಜಿಂಗ್ ಏಜೆಂಟ್‌ಗೆ ಇಮೇಲ್ ಮೇಲೆ ಇಮೇಲ್ ಹಾಕಿದೆ. "ವಿಚಾರಿಸಿ ತಿಳಿಸುತ್ತೇವೆ" ಅಂದರು, ಅಷ್ಟೇ. ಏಜೆಂಟರ ಮೇಲಿನ ದೂರು ಕೇಳುವ ರಿಡ್ರೆಸ್ ಸ್ಕೀಮ್‌ಗೆ ದೂರು ಕೊಟ್ಟೆ. ಏಜೆಂಟ್ ಉತ್ತರ ಕೊಡಲು ತಡ ಮಾಡಿದ್ದು ತಪ್ಪು, ಆದರೆ ತೋಟದ ಹಕ್ಕು ಯಾರದು ಅನ್ನುವುದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಅಂತ ಬಂತು. ಸಾಲಿಸಿಟರ್ ಕೈಲಿ ಬರೆಸಿದ ಒಂದು ಪತ್ರಕ್ಕೆ 450 ಪೌಂಡ್ ಹತ್ತಿರ ಹೋಯಿತು. ಅದಕ್ಕೆ ಬಂದ ಉತ್ತರ: "ತೋಟಕ್ಕೆ ಬಿಡುತ್ತಿದ್ದದ್ದು ಬರೀ ಲೈಸೆನ್ಸ್, ಈಗ ಅದನ್ನು ವಾಪಸ್ ತೆಗೆದುಕೊಂಡಿದ್ದೇವೆ." ಲೈಸೆನ್ಸ್ ಅಂದರೆ ಹಕ್ಕಲ್ಲ, ಬರೀ ಅನುಮತಿ. ಮನೆ ಇನ್ಶೂರೆನ್ಸ್ ಜೊತೆ ಇದ್ದ ಲೀಗಲ್ ಕವರ್ (ಕೇಸಿನ ಖರ್ಚಿನ ವಿಮೆ) ಕೇಳಿದೆ. ವಾರಗಟ್ಟಲೆ ಕಾಯಿಸಿ, ಜಗಳ ಪಾಲಿಸಿಗಿಂತ ಮೊದಲೇ ಶುರುವಾಗಿದೆ ಅಂದರು. ಗೇಟು ತೆಗೆಸುವ ಆದೇಶಕ್ಕೆ ಹಾಕುವ ಇಂಜಂಕ್ಷನ್ ಕೇಸಿಗೆ ಎಂಟು ಹತ್ತು ಸಾವಿರ ಪೌಂಡ್ ಆಗಬಹುದು ಅಂತ ಕೇಳಿದ ಮೇಲೆ ಆ ದಾರಿ ಅಲ್ಲಿಗೇ ಬಿಟ್ಟೆ.

ಮೇಲಿನ ಫ್ಲಾಟಿನವರು ಸರ್ವಿಸ್ ಚಾರ್ಜ್ (ಕಟ್ಟಡ, ತೋಟ ನೋಡಿಕೊಳ್ಳುವ ಖರ್ಚಿನ ಪಾಲು) ಕಟ್ಟುವುದನ್ನೇ ನಿಲ್ಲಿಸಲು ಹೊರಟಿದ್ದರು. ಬೇಡ ಅಂತ ತಡೆದೆ. ಬಾಕಿ ಇಟ್ಟರೆ ಲೀಸನ್ನೇ ಕಿತ್ತುಕೊಳ್ಳುತ್ತೇವೆ ಅಂತ ಹೆದರಿಸಲು ಅವರಿಗೊಂದು ಆಯುಧ ಕೊಟ್ಟ ಹಾಗೆ. ತಕರಾರು ಇಟ್ಟುಕೊಂಡೇ ಕಟ್ಟುತ್ತಿದ್ದೇವೆ ಅಂತ ಬರೆದು ಇಬ್ಬರೂ ಕಟ್ಟಿದೆವು.

ಇನ್ನು ಕಾಗದದ ವಿಷಯ. ನನ್ನ ಲೀಸಿನಲ್ಲಿ "ಪ್ಲಾನಿನಲ್ಲಿ ಹಸಿರು ಗೆರೆ ಹಾಕಿದ ತೋಟವನ್ನು ಇತರರ ಜೊತೆ ಸೇರಿ ಬಳಸುವ ಹಕ್ಕು" ಅಂತ ಸಾಫಾಗಿ ಇದೆ. ಆದರೆ ನನ್ನ ಹತ್ತಿರ ಇದ್ದದ್ದು ಕಪ್ಪು ಬಿಳುಪು ಜೆರಾಕ್ಸ್. ಹಸಿರು, ಕೆಂಪು, ಕಂದು ಎಲ್ಲಾ ಗೆರೆಯೂ ಒಂದೇ ಬೂದು ಬಣ್ಣ. ಕಂಪನಿ ಅದನ್ನೇ ಹಿಡಿದುಕೊಂಡು, ಹಸಿರು ಅಂದರೆ ಮುಂದಿನ ಚಿಕ್ಕ ಜಾಗ ಮಾತ್ರ ಅಂದಿತು. ಆಸ್ತಿ ದಾಖಲೆ ಇಡುವ ಸರ್ಕಾರಿ ಕಚೇರಿ ಲ್ಯಾಂಡ್ ರಿಜಿಸ್ಟ್ರಿಯಿಂದ ಟೈಟಲ್ ಪ್ಲಾನ್ (ಆಸ್ತಿಯ ನಕ್ಷೆ) ತರಿಸಿ ಸ್ಕೇಲ್ ಹಿಡಿದು ಅಳೆದೂ ನೋಡಿದೆ. 1:1250 ಪ್ಲಾನಿನಲ್ಲಿ ಒಂದು ಮಿಲಿಮೀಟರ್ ಅಂದರೆ ನೆಲದ ಮೇಲೆ ಒಂದೂಕಾಲು ಮೀಟರ್. ಗೆರೆಯ ದಪ್ಪವೇ ಗೇಟಿನ ಕಡೆಯ ನಮ್ಮ ಓಣಿಯನ್ನು ನುಂಗಿಬಿಡುತ್ತದೆ, ಆ ಅಳತೆ ಯಾವುದಕ್ಕೂ ಬರಲಿಲ್ಲ. ಗೂಗಲ್ ಅರ್ತ್‌ನ ಹಳೇ ಚಿತ್ರಗಳಲ್ಲೂ ಹುಲ್ಲು ಕಾಣುತ್ತದೆ, ಬೀಗ ಕಾಣುವುದಿಲ್ಲ. ಕೊನೆಗೆ ಉಳಿದ ಫ್ಲಾಟುಗಳ ಲೀಸನ್ನೂ ಲ್ಯಾಂಡ್ ರಿಜಿಸ್ಟ್ರಿಯಿಂದಲೇ ತರಿಸಿದೆ. ಒಂದೊಂದಕ್ಕೆ ಕೆಲವು ಪೌಂಡ್ ಅಷ್ಟೇ, ಯಾರು ಬೇಕಾದರೂ ತರಿಸಬಹುದು. ಮೇಲಿನ ಫ್ಲಾಟಿನ ಲೀಸ್ ಬಣ್ಣದಲ್ಲಿ ಬಂತು. ಹಿಂದಿನ ತೋಟದ ಸುತ್ತ ಹಸಿರು ಗೆರೆ, ಬೇಲಿಯ ತನಕ.

ಲೈಸೆನ್ಸ್ ಅಂದದ್ದಕ್ಕೆ ಉತ್ತರ ಹಳೆಯದೇ ಇದೆ. ವೆಸ್ಟನ್-ಸೂಪರ್-ಮೇರ್‌ನ ಎಲೆನ್‌ಬರೋ ಪಾರ್ಕ್ ಕೇಸಿನಲ್ಲಿ ಕೋರ್ಟ್ ಆಫ್ ಅಪೀಲ್ 1955ರಲ್ಲೇ ಹೇಳಿದೆ: ಸುತ್ತಲ ಮನೆಯವರಿಗೆ ಬರೆದುಕೊಟ್ಟ ತೋಟ ಬಳಸುವ ಹಕ್ಕು ಈಸ್‌ಮೆಂಟ್, ಅಂದರೆ ಬೇರೆಯವರ ನೆಲವನ್ನು ಬಳಸುವ ಕಾನೂನಿನ ಹಕ್ಕು, ಆಗಬಹುದು. 2018ರಲ್ಲಿ ಸುಪ್ರೀಂ ಕೋರ್ಟ್ ರೀಜೆನ್ಸಿ ವಿಲ್ಲಾಸ್ ಕೇಸಿನಲ್ಲಿ ಈಜುಕೊಳ, ಟೆನಿಸ್ ಕೋರ್ಟಿನ ಬಳಕೆಯನ್ನೂ ಈಸ್‌ಮೆಂಟ್ ಅಂತ ಒಪ್ಪಿತು. ಈಸ್‌ಮೆಂಟ್ ಆದರೆ ಫ್ರೀಹೋಲ್ಡರ್ ಮನಸ್ಸು ಬಂದಾಗ ವಾಪಸ್ ತೆಗೆದುಕೊಳ್ಳಲು ಬರುವುದಿಲ್ಲ.

ಆದರೆ ಆಟ ತಿರುಗಿದ್ದು ದುಡ್ಡಿನ ಲೆಕ್ಕದಲ್ಲಿ. 1985ರ ಲ್ಯಾಂಡ್‌ಲಾರ್ಡ್ ಅಂಡ್ ಟೆನೆಂಟ್ ಆಕ್ಟ್‌ನ ಸೆಕ್ಷನ್ 22 ಹಿಡಿದು ಸರ್ವಿಸ್ ಚಾರ್ಜ್ ರಸೀದಿಗಳನ್ನು ಕೇಳಿದೆ. ತೋಟದವನ ಬಿಲ್ಲಿನಲ್ಲೇ "ಹಿಂದಿನ ಸಾಮೂಹಿಕ ತೋಟ, ಹುಲ್ಲು ಕತ್ತರಿಸಿದ್ದು" ಅಂತ ಇತ್ತು! ಒಳಗೆ ಕಾಲಿಡಲು ಬಿಡದ ತೋಟಕ್ಕೆ ಒಂದೊಂದು ಫ್ಲಾಟಿನಿಂದ ವರ್ಷಕ್ಕೆ ಮುನ್ನೂರು ಚಿಲ್ಲರೆ ಪೌಂಡ್ ವಸೂಲಿ ಮಾಡುತ್ತಿದ್ದರು. ಅದು ನೋಡಿ ನನಗೆ ನಿಜಕ್ಕೂ ರೋಸಿಹೋಯಿತು. ಸೆಕ್ಷನ್ 27ಎ ಅಡಿ ಫಸ್ಟ್-ಟಿಯರ್ ಟ್ರಿಬ್ಯುನಲ್‌ಗೆ ಅರ್ಜಿ ಹಾಕಿ ಒಂದೇ ವಿಷಯ ಕೇಳಿದೆ: ಈ ಹಿಂದಿನ ತೋಟದ ಖರ್ಚನ್ನು ನಾವು ಕೊಡಬೇಕೋ, ಬೇಡವೋ? ಗೇಟಿನ ಮಾತೇ ಎತ್ತಲಿಲ್ಲ. ಕೇಸಿನ ಖರ್ಚನ್ನು ನಮ್ಮ ಸರ್ವಿಸ್ ಚಾರ್ಜಿಗೇ ಸೇರಿಸದ ಹಾಗೆ ಅದೇ ಆಕ್ಟ್‌ನ ಸೆಕ್ಷನ್ 20ಸಿ ಕೋರಿಕೆಯನ್ನೂ ಜೊತೆಗೇ ಹಾಕಿದೆ, ಅದನ್ನು ಯಾರೂ ಬಿಡಬೇಡಿ.

ಈಗ ಅವರು ಬಾಯಿ ಬಿಡಲೇಬೇಕಾಯಿತು. ತೋಟ ಎಲ್ಲರದ್ದಲ್ಲ ಅಂದರೆ ವಸೂಲಿ ಮಾಡಿದ ದುಡ್ಡು ಕೈಬಿಡುತ್ತದೆ. ಎಲ್ಲರದ್ದು ಅಂದರೆ ಬೀಗ ನಿಲ್ಲುವುದಿಲ್ಲ. ಅವರು ದುಡ್ಡನ್ನೇ ಹಿಡಿದುಕೊಂಡರು: ಹಿಂದಿನ ತೋಟ ಎಲ್ಲಾ ಲೀಸ್‌ಹೋಲ್ಡರ್‌ಗಳ ಅನುಕೂಲಕ್ಕೆ ಇರುವ ಕಾಮನ್ ಪಾರ್ಟ್ ಅಂತ ತಮ್ಮ ಹೇಳಿಕೆಯಲ್ಲಿ ಬರೆದು ಸಹಿ ಹಾಕಿದರು. ಆ ಪುಟವನ್ನೂ ಬಣ್ಣದ ಪ್ಲಾನನ್ನೂ ಸೇರಿಸಿ, ಕೌಂಟಿ ಕೋರ್ಟಿಗೆ ಹೋಗುವ ಮುಂಚಿನ ನೋಟಿಸ್ ನಾನೇ ಕಳಿಸಿದೆ. ಅದನ್ನು ಯಾವ ದಿನ ಕಳಿಸಿದೆ, ಅರ್ಜಿಯಲ್ಲಿ ಪ್ರಶ್ನೆಯನ್ನು ಯಾವ ಮಾತಿನಲ್ಲಿ ಕೇಳಿದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ಏಜೆಂಟರೂ ಓದುತ್ತಾರೆ. ಇದೇ ಸ್ಥಿತಿಯಲ್ಲಿ ಇರುವವರು ಕೇಳಿದರೆ ಹೇಳುತ್ತೇನೆ. ಎರಡು ಮೂರು ವಾರದಲ್ಲಿ ಮೂರೂ ಫ್ಲಾಟಿಗೆ ಕೀ ಬಂತು. ಬೀಗ ಇದ್ದ ಕಾಲದ ದುಡ್ಡಿನಲ್ಲಿ ಅರ್ಧ ವಾಪಸ್ ಕೊಟ್ಟರು, ಅರ್ಜಿ ಹಿಂತೆಗೆದುಕೊಂಡೆ.

ಖರ್ಚು: ಅರ್ಜಿಗೆ ನೂರರ ಆಸುಪಾಸು, ಸಾಲಿಸಿಟರ್ ಇಲ್ಲದೆ ನೇರವಾಗಿ ಬ್ಯಾರಿಸ್ಟರ್ (ಕೋರ್ಟಿನಲ್ಲಿ ವಾದಿಸುವ ವಕೀಲ) ಹತ್ತಿರ ಒಂದು ಗಂಟೆಗೆ ಮುನ್ನೂರು, ಲೀಸ್ ಪ್ರತಿಗಳಿಗೆ ಮೂವತ್ತೋ ನಲವತ್ತೋ. ಹಿಯರಿಂಗ್ ತನಕ ಹೋಗದ ಕಾರಣ ಆ ಫೀಸು ಉಳಿಯಿತು. ದಂಡವಾಗಿ ಹೋದ ಸಾಲಿಸಿಟರ್ ಪತ್ರ ಸೇರಿಸಿದರೂ ಒಂಬೈನೂರು ದಾಟಲಿಲ್ಲ. ಎಂಟು ಸಾವಿರ ಅಂದಿದ್ದವರಿಗೆ ಈ ಲೆಕ್ಕ ತೋರಿಸಿದ್ದೇನೆ.

ಕೀ ಜೊತೆ ನಿಯಮದ ಪಟ್ಟಿಯೂ ಬಂತು, ಬೆಳಗ್ಗೆ 9ರಿಂದ ಸಂಜೆ 5ರ ತನಕ ಮಾತ್ರ ಅಂತ. ಕೆಲಸಕ್ಕೆ ಹೋಗುವವರು ಐದರೊಳಗೆ ಹೇಗೆ ಬರಬೇಕು? ನಿಯಮ ಮಾಡುವ ಕಲಂ ಲೀಸಿನಲ್ಲಿ ಇದೆ, ಆದರೆ ನಿಯಮದ ನೆಪದಲ್ಲಿ ಹಕ್ಕನ್ನೇ ಮುಗಿಸಲು ಬರುವುದಿಲ್ಲ ಅಂತ ಬರೆದೆವು. ಈಗ ಕತ್ತಲಾಗುವ ತನಕ ಅಂತ ಬದಲಾಗಿದೆ. ಮೆಂತ್ಯ, ಕೊತ್ತಂಬರಿ ಹಾಕಲು ನೆಲ ಅಗೆಯುವ ಹಾಗಿಲ್ಲ, ಬಳಸುವ ಹಕ್ಕಿನಲ್ಲಿ ಅಗೆಯುವುದು ಸೇರುವುದಿಲ್ಲ. ಕುಂಡ ಇಡಲು ಬರಹದಲ್ಲಿ ಒಪ್ಪಿಗೆ ತೆಗೆದುಕೊಂಡಿದ್ದೇವೆ.